ಇಳಿಯುವ ಮುಳ್ಳು

ಟ್ಯಾಕ್ಸಿಯ ಬ್ಯಾಟರಿಗೆ ಹಾಕಿದ್ದ ಚಾರ್ಜರಿನ ಮುಳ್ಳು ಆರರಿಂದ ಎರಡಕ್ಕೆ ಇಳಿದದ್ದೇ ತಡ, ಭಾವನ ಮುಖ ಅರಳಿತು. "ನೋಡಮ್ಮ, ಬ್ಯಾಟರಿ ಸತ್ತಿದೆ. ತಮ್ಮನೇ ಇಲ್ಲ, ಇನ್ನು ಅವನ ಟ್ಯಾಕ್ಸಿ ಓಡಿಸೋರು ಯಾರು? ಕೀ ಕೊಡು, ಗುಜರಿಯವನು ಹೊರಗೆ ಕಾಯ್ತಿದಾನೆ."

ಗಂಡ ಹೋದ ಮೇಲೆ ಮೂರು ತಿಂಗಳು ಭಾವ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ದ ಅವಳು, ಇವತ್ತು ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಅದು ಪೆಟ್ರೋಲಿನ ಮುಳ್ಳಲ್ಲ, ಭಾವ. ಖಾಲಿ ಬ್ಯಾಟರಿ ಕರೆಂಟು ಜಾಸ್ತಿ ಎಳೆಯುತ್ತೆ, ತುಂಬ್ತಾ ಬಂದ ಹಾಗೆ ಮುಳ್ಳು ಇಳಿಯುತ್ತೆ. ಹೊಟ್ಟೆ ತುಂಬಿದವರು ಇನ್ನೂ ಬಡಿಸಿ ಅಂತಾರಾ?"

"ಇದನ್ನೆಲ್ಲ ನಿನಗೆ ಹೇಳಿಕೊಟ್ಟೋರು ಯಾರು?"

"ಚಾರ್ಜರಿನ ಡಬ್ಬದ ಮೇಲೇ ಬರೆದಿದೆ. ಓದಿದೆ."

ಚಾರ್ಜರ್ ಆಫ್ ಮಾಡಿ, ಕ್ಲಿಪ್ಪು ಬಿಚ್ಚಿ, ಬಾನೆಟ್ ಮುಚ್ಚಿ, ಗಂಡನ ಸೀಟಿನಲ್ಲಿ ಕೂತು ಕೀ ತಿರುಗಿಸಿದಳು. ಇಂಜಿನ್ ಒಮ್ಮೆ ಕೆಮ್ಮಿ, ಗುಡುಗಿತು.

"ಭಾವ, ಸ್ವಲ್ಪ ಗೇಟು ತೆಗೀರಿ," ಎಂದಳು.