ಮಾತಾಡಿಕೊಂಡು ಇಟ್ಟ ಬೆಲೆ

"ನೀವಿಬ್ಬರೂ ಮಾತಾಡಿಕೊಂಡೇ ಬೆಲೆ ಇಡ್ತಿದ್ದೀರಿ," ಎಂದಳು ಬೆಲೆ ತನಿಖೆಗೆ ಬಂದ ಅಧಿಕಾರಿ.

ದಿನಸಿ ಅಂಗಡಿಯವನಿಗೆ ನಗು ಬಂತು. ಎದುರಿನ ಅಂಗಡಿ ಅವನ ಅಕ್ಕನದು. ಅಧಿಕಾರಿ ಕರೆಸಿದ್ದಕ್ಕೆ ರಸ್ತೆ ದಾಟಿ ಬಂದವಳು ಅಕ್ಕಿಮೂಟೆಯ ಪಕ್ಕ ಗೋಡೆ ನೋಡುತ್ತ ನಿಂತಿದ್ದಳು. ಅಮ್ಮ ತೀರಿಕೊಂಡು ಅಂಗಡಿ ಪಾಲಾದ ದಿನವೇ ಇಬ್ಬರೂ ಮಾತು ಬಿಟ್ಟಿದ್ದರು. ತಮ್ಮನ ಮಗಳ ಮದುವೆಗೂ ಅವಳು ಬಂದಿರಲಿಲ್ಲ. ಅಂಥವರ ಮೇಲೆ ಮಾತಾಡಿಕೊಂಡ ಆರೋಪ!

"ನಾವು ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು ಮೇಡಂ. ಯಾರನ್ನ ಬೇಕಾದ್ರೂ ಕೇಳಿ."

"ಮತ್ತೆ ಎಣ್ಣೆ, ಬೇಳೆ, ಸಕ್ಕರೆ ಎಲ್ಲಾ ಒಂದೇ ಬೆಲೆ ಹೇಗೆ? ಎರಡು ಅಂಗಡಿ ಇದ್ಮೇಲೆ ಪೈಪೋಟಿ ಇರ್ಬೇಕು, ಜನಕ್ಕೆ ನಾಲ್ಕು ಕಾಸು ಉಳೀಬೇಕು. ಕಾನೂನು ಬಂದಿರೋದೇ ಅದಕ್ಕೆ. ನಿಮ್ಮ ಬೆಲೆ ತಾಳಲಾರದೆ ಈ ಬೀದೀಲಿ ಮಕ್ಕಳ ಹಾಲಿನ ಪುಡಿಗೆ ನೀರು ಜಾಸ್ತಿ ಹಾಕಿ ಕುಡಿಸ್ತಿದ್ದಾರೆ." ಅವಳ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. "ನಿಜ ಹೇಳಿ. ಇಲ್ಲದಿದ್ರೆ ಎರಡೂ ಅಂಗಡಿಗೆ ಬೀಗ."

"ಬೆಳಿಗ್ಗೆ ಎದ್ದು ಅವಳ ಬೋರ್ಡ್ ನೋಡ್ತೀನಿ. ಅದನ್ನೇ ಬರೀತೀನಿ. ಅಷ್ಟೇ."

"ನಿಮ್ಮದು ದೊಡ್ಡ ಅಂಗಡಿ, ಲಾರಿಗಟ್ಟಲೆ ತರಿಸ್ತೀರಿ. ಕಮ್ಮಿಗೆ ಕೊಡೋಕೆ ಏನು ಕಷ್ಟ?"

ಅವನು ತಕ್ಕಡಿಯ ತಟ್ಟೆ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ. "ನಾನು ಇಳಿಸಿದ್ರೆ ಅವಳು ಬಾಗಿಲು ಹಾಕ್ಬೇಕಾಗುತ್ತೆ ಮೇಡಂ," ಎಂದ ಕೊನೆಗೆ. "ಕೋಪ ಇದೆ, ಇಲ್ಲ ಅನ್ನಲ್ಲ. ಹೊಟ್ಟೆ ಮೇಲೆ ಹೊಡೆಯೋಷ್ಟಿಲ್ಲ."

ಗೋಡೆ ನೋಡುತ್ತಿದ್ದ ಅಕ್ಕ ಈಚೆ ತಿರುಗಿದಳು. ತನ್ನನ್ನು ಅಣಕಿಸಲೆಂದೇ ಅವನು ಬೋರ್ಡ್ ನೋಡಿ ಬರೆಯುತ್ತಾನೆ ಎಂದುಕೊಂಡು ಇಷ್ಟು ವರ್ಷ ಹಲ್ಲು ಕಡಿದಿದ್ದಳು. ಈಗ ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದಳು. "ನಿಮ್ಮ ಮನಸ್ಸು ದೊಡ್ಡದೇ ಇರಬಹುದು," ಎಂದಳು ಮೆಲ್ಲಗೆ. "ಅದಕ್ಕೆ ದುಡ್ಡು ಕೊಡ್ತಿರೋರು ಮಾತ್ರ ಈ ಬೀದಿಯವರು."

ಅಕ್ಕ ಅಂಗೈಯಿಂದ ಕಣ್ಣೊರೆಸಿಕೊಂಡು ರಸ್ತೆ ದಾಟಿದಳು. ತನ್ನ ಅಂಗಡಿಯ ಮುಂದಿನ ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ, ಬೆಲೆ ಬರೆದ ಮುಖ ಗೋಡೆಯ ಕಡೆಗಾಗುವಂತೆ ತಿರುಗಿಸಿಟ್ಟಳು. ಆಮೇಲೆ ಅಲ್ಲಿಂದಲೇ ಕೂಗಿದಳು. ಅಷ್ಟು ವರ್ಷಗಳಲ್ಲಿ ತಮ್ಮನೊಡನೆ ಅವಳಾಡಿದ ಮೊದಲ ಮಾತು ಅದು:

"ನಾಳೆಯಿಂದ ನಿನ್ನ ಬೆಲೆ ನೀನೇ ಬರ್ಕೊಳ್ಳೋ!"