ಕಾಲೇಜಿನ ಗೇಟಿನ ಬಳಿ ತಪ್ಪಿದ ಬಡಿತ

ಎಲ್ಲರ ಕಾರುಗಳಂತೆ ರತ್ನಮಾಲಾಳ ಕಾರಿನ ಎಂಜಿನ್ನೂ ಓಡಿಸುವವರ ನಾಡಿಮಿಡಿತದ ತಾಳಕ್ಕೇ ಓಡುತ್ತಿತ್ತು. ಮನಸ್ಸಿನ ಏರಿಳಿತ ಎಂಜಿನ್ನಿಗೆ ತಾಗದಿರಲೆಂದು ಕಂಪನಿಯವರು ಅಳವಡಿಸಿದ್ದ ಫಿಲ್ಟರನ್ನು, ಕಾರು ಇನ್ನಷ್ಟು ಚುರುಕಾಗಲೆಂದು ಅವಳೇ ಕಿತ್ತುಹಾಕಿದ್ದಳು. ಅಂದಿನಿಂದ ಆಗೊಮ್ಮೆ ಈಗೊಮ್ಮೆ ಎಂಜಿನ್ ಬಡಿತ ತಪ್ಪುತ್ತಿತ್ತು. ಪ್ಲಗ್ ಬದಲಿಸಿದಳು, ಕಾಯಿಲ್ ಬದಲಿಸಿದಳು, ದೋಷ ಹೋಗಲಿಲ್ಲ.

ಇಂದು ಪಕ್ಕದಲ್ಲಿ ಅಪ್ಪ ಕುಳಿತಿದ್ದ. ಮದುವೆ ಮೆರವಣಿಗೆಯಲ್ಲಿ ಡ್ರಮ್ ಬಾರಿಸಿ, ಬ್ಯಾಂಡಿನ ಜರಿಪಟ್ಟಿಯ ಕೆಂಪು ಕೋಟಿನಲ್ಲೇ ಬಂದಿದ್ದ. ಮಗಳು ಪಾಠ ಮಾಡುವ ಕಾಲೇಜನ್ನು ಒಮ್ಮೆ ನೋಡುವ ಆಸೆ ಅವನಿಗೆ. ದಾರಿಯುದ್ದಕ್ಕೂ ಎಂಜಿನ್ ನುಣ್ಣಗೆ ಓಡಿತು. ಗೇಟಿನ ಬಳಿ ಸಹೋದ್ಯೋಗಿಗಳು ಕಂಡರು, ಎಂಜಿನ್ ಮುಗ್ಗರಿಸಿತು.

"ಏನವಾ, ನಿನ್ನ ಗಾಡಿಗೆ ಬಿಕ್ಕು ಹತ್ಯಾವಲ್ಲ? ಒಂದೀಟು ನೀರ ಕುಡಸು," ಎಂದು ಅಪ್ಪ ನಕ್ಕ.

"ಪೆಟ್ರೋಲಿನ್ಯಾಗ ಕಸ ಇರಬೇಕಪ್ಪಾ," ಎಂದಳು. ಎಂಜಿನ್ ಇನ್ನೂ ಜೋರಾಗಿ ತಡವರಿಸಿತು.

ಅಪ್ಪ ಗೇಟಿನಲ್ಲಿದ್ದವರನ್ನು ನೋಡಿದ, ಆಮೇಲೆ ತನ್ನ ಕೋಟನ್ನು ನೋಡಿಕೊಂಡ.

"ನಾ ಇಲ್ಲೇ ಇಳೀತೀನಿ ತಗೋ. ಇನ್ನೊಂದ ಸಲ ಬಿಳೀ ಅಂಗಿ ಹಾಕ್ಕೊಂಡ ಬರ್ತೀನಿ."

ರತ್ನಮಾಲಾ ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದಳು. ಅವನು ಇಳಿದು ಬಾಗಿಲು ಮುಚ್ಚಿದ್ದೇ ತಡ, ಎಂಜಿನ್ ಒಂದು ಬಡಿತವೂ ತಪ್ಪದೆ ಓಡತೊಡಗಿತು. ರಸ್ತೆಯಂಚಿನಲ್ಲಿ ನಿಂತಿದ್ದ ಅಪ್ಪನಿಗೂ ಅದು ಕೇಳಿಸುತ್ತಿತ್ತು.