ಇನ್ನೊಂದು ಎಲೆ

ಬೆಟ್ಟಮ್ಮ ಇನ್ನೊಂದು ಬಾಳೆ ಎಲೆ ಹಾಸಿದಳು. ಸೊಸೆ ಪವಿತ್ರ ಬಗ್ಗಿ ಅದನ್ನು ಎತ್ತಿಕೊಂಡಳು. ಬೆಟ್ಟಮ್ಮ ಕಟ್ಟಿನಿಂದ ಮತ್ತೊಂದನ್ನು ಎಳೆದು, ನೀರು ಚಿಮುಕಿಸಿ, ಅದೇ ಜಾಗದಲ್ಲಿ ಹಾಸಿದಳು.

"ಅತ್ತೆ, ಬೇಡ ಅಂದೆ."

"ನಮ್ಮತ್ತೆ ಮಾವನಿಗೆ ಹಾಕಿದೀನಿ, ಕುಡಿದು ಕುಡಿದು ಸತ್ತ ನಮ್ಮ ಭಾವನಿಗೂ ಹಾಕಿದೀನಿ. ಹೊಟ್ಟೇಲಿ ಹುಟ್ಟಿದೋನಿಗೆ ಮಾತ್ರ ಬ್ಯಾಡ್ವಾ?"

"ಅವರೆಲ್ಲ ಸತ್ತೋರು. ಬದುಕಿರೋರಿಗೆ ಎಡೆ ಇಟ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತ ನೀವೇ ಹೇಳ್ತಿದ್ರಿ."

"ಸತ್ತೋರಿಗೆ ಇಡದೆ ಹೋದ್ರೆ ಹಸ್ಕೊಂಡು ಅಲೀತಾರೆ ಅಂತಾನೂ ಹೇಳಿದ್ದೆ. ಅದು ಮರ್ತೋಯ್ತಾ?"

ಮಹಾಲಯ ಅಮಾವಾಸ್ಯೆಯ ಸಂಜೆ. ಹೂಟಗಳ್ಳಿಯ ಆ ಬೀದಿಯ ಮನೆಮನೆಯಲ್ಲೂ ಹಿರಿಯರಿಗೆ ಎಡೆ ಇಡುವ ಹೊತ್ತು. ಬಾಡಿನ ಸಾರಿನ ವಾಸನೆ ಧೂಪದ ಹೊಗೆಯೊಂದಿಗೆ ಬೆರೆತು ಕಿಟಕಿಗಳಿಂದ ಹೊರಗೆ ಬರುತ್ತಿತ್ತು. ನಡುಮನೆಯ ಗೋಡೆಗೆ ಒರಗಿ ಕೂತಿದ್ದ ಬೆಟ್ಟಮ್ಮನ ಗಂಡ ಕೆಂಪಯ್ಯ, "ನಿಮ್ಮಿಬ್ಬರ ಜಗಳ ಮುಗಿಯೋದ್ರೊಳಗೆ ನಮ್ಮ ಹಿರೀಕರು ಪಕ್ಕದ ಮನೇಲಿ ಉಂಡು ಹೊಂಟೋಗ್ತಾರೆ ಕಣ್ರಮ್ಮ" ಎಂದ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಪವಿತ್ರಳ ಗಂಡ ಪ್ರಸಾದ್ ವಿದ್ಯುತ್ ಟವರು ನಿಲ್ಲಿಸುವ ಕೆಲಸಕ್ಕೆಂದು ಆಫ್ರಿಕಾದ ಬುರ್ಕಿನಾ ಫಾಸೊಗೆ ಹೋಗಿದ್ದ. ಹೋದಾಗ ಅಲ್ಲೊಬ್ಬ ಅಧ್ಯಕ್ಷನಿದ್ದ. ಸೈನ್ಯದವನೊಬ್ಬ ಅವನನ್ನು ಇಳಿಸಿ ತಾನು ಕೂತ. ಆ ವರ್ಷದ ಮಳೆಗಾಲದಲ್ಲಿ ಬೈಕುಗಳ ಮೇಲೆ ಬಂದೂಕು ಹಿಡಿದು ಬಂದವರು ಪ್ರಸಾದ್‌ನನ್ನು ಶಿಬಿರದಿಂದ ಎಳೆದೊಯ್ದರು. ಹುಡುಕಿಸುತ್ತೇವೆ ಎಂದು ಅಲ್ಲಿನ ಅಧಿಕಾರಿಯೊಬ್ಬ ಮಾತು ಕೊಟ್ಟ. ಅಷ್ಟರಲ್ಲಿ ಇನ್ನೊಬ್ಬ ಸೈನಿಕ ಬಂದು ಇದ್ದವನನ್ನು ಓಡಿಸಿದ, ಮಾತು ಕೊಟ್ಟವನು ಎಲ್ಲಿ ಹೋದನೋ ತಿಳಿಯಲಿಲ್ಲ. ಪಕ್ಕದ ಮಾಲಿಯಲ್ಲಿ ಅದಕ್ಕೂ ಮೊದಲೇ ಹಾಗಾಗಿತ್ತು, ಈ ವರ್ಷ ನೈಜರ್‌ನಲ್ಲೂ ಆಯಿತು. ಆ ದೇಶಗಳ ಹೆಸರುಗಳು ಪವಿತ್ರಳ ಬಾಯಲ್ಲಿ ಸಿಟಿ ಬಸ್ಸಿನ ನಿಲ್ದಾಣಗಳಷ್ಟು ಸಲೀಸಾಗಿದ್ದವು. ಎಲ್ಲಾದರೂ ಸರ್ಕಾರ ಬಿತ್ತೆಂದು ಕೇಳಿದಾಗ ಉಳಿದವರು ಅಯ್ಯೋ ಎನ್ನುತ್ತಿದ್ದರು. ಅವಳು ಮಾತ್ರ ಆ ಗದ್ದಲದಲ್ಲಿ ಯಾವುದೋ ಸೆರೆಯ ಬೀಗ ಒಡೆದಿರಬಹುದು ಎಂದುಕೊಂಡು ಎರಡು ದಿನ ಚಡಪಡಿಸುತ್ತಿದ್ದಳು. ಯಾರನ್ನು ಕೇಳುವುದು? ಕೇಳಿಸಿಕೊಳ್ಳಬೇಕಾದವನೇ ಬದಲಾಗಿಬಿಡುತ್ತಿದ್ದ.

"ಆ ಎಲೆ ಹಾಕಿದ್ರೆ ನಾನು ಯಾರು ಅತ್ತೆ?" ಎಂದಳು.

"ನಿನ್ನ ಬಳೆ ಒಡೀರಿ ಅಂತ ನಾನಂದ್ನಾ? ಬಾಯಿಗೆ ಬಂದಂಗೆ ಆಡ್ಬೇಡ." ಬೆಟ್ಟಮ್ಮ ಒಳಕೋಣೆಗೆ ಹೋಗಿ ಹೊಸ ಬಟ್ಟೆಗಳನ್ನು ತಂದಳು. ತೀರಿಹೋದ ತನ್ನ ಮಾವನಿಗೆ ಪಂಚೆ, ಅತ್ತೆಗೆ ಸೀರೆ, ಭಾವನಿಗೆ ಟವೆಲು. ಎಲ್ಲದರ ಕೆಳಗೆ ಒಂದು ನೀಲಿ ಚೌಕುಳಿ ಷರ್ಟು. ಯಾವಾಗ ಕೊಂಡಿದ್ದಳೋ, ಯಾರಿಗೂ ಹೇಳಿರಲಿಲ್ಲ. ಅದನ್ನು ಆ ಎಲೆಯ ಮುಂದೆ ಇಟ್ಟು, ಕಾಲರನ್ನು ನೀವುತ್ತ, "ನಲವತ್ತು ಸೈಜು ಸರಿಯಾಯ್ತದಲ್ವೇನೇ?" ಎಂದು ಕೇಳಿದಳು.

ಬೇಡವೆಂದರೂ ಪವಿತ್ರಳ ಬಾಯಿಂದ ಉತ್ತರ ಹೊರಟಿತು. "ಅವರದು ನಲವತ್ತೆರಡು."

"ಸರಿಯಾಯ್ತದೆ ಬುಡು. ಈಗ ಸಣ್ಣಗಾಗಿರ್ತಾನೆ."

ಪವಿತ್ರ ಕೈಯಲ್ಲಿದ್ದ ಎಲೆಯನ್ನು ಸುರುಳಿ ಸುತ್ತುತ್ತಲೇ ಇದ್ದಳು. ಅದು ನಡುವಿಗೆ ಸೀಳಿಹೋಯಿತು. ಬೆಟ್ಟಮ್ಮ ಒಂದೊಂದೇ ಎಲೆಗೆ ಮುದ್ದೆ, ಸಾರು, ವಡೆ, ಕಜ್ಜಾಯ ಬಡಿಸುತ್ತ ಬಂದಳು. ಕೊನೆಯ ಎಲೆಗೆ ಬಂದಾಗ ಪವಿತ್ರ ಮುಖ ತಿರುಗಿಸಿದಳು. ತಡೆಯಲಿಲ್ಲ.

ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ಕಾಯಬೇಕು, ಹಿರಿಯರು ಬಂದು ಉಣ್ಣಲೆಂದು. ತಿರುಗಿ ಒಳಗೆ ಹೋಗುವ ಮುನ್ನ ಬಾಗಿಲು ತಟ್ಟಬೇಕು. ಆ ಸದ್ದಿಗೆ ಬಂದವರು ಎದ್ದು ಹೊರಟುಹೋಗುತ್ತಾರೆ, ಮುಂದಿನ ವರ್ಷದವರೆಗೆ.

ಬೆಟ್ಟಮ್ಮ ಜಗುಲಿಯ ಮೇಲೆ ಸೆರಗು ಹೊದ್ದು ಕೂತಳು. ಕೆಂಪಯ್ಯ ಬಾಗಿಲಿನ ಪಕ್ಕ ನಿಂತ. ಪವಿತ್ರ ಕೂರಲಿಲ್ಲ, ನಿಲ್ಲಲೂ ಇಲ್ಲ. ಗೇಟಿನವರೆಗೆ ಹೋಗಿ ಬಂದಳು, ನಲ್ಲಿಯ ಹತ್ತಿರ ಹೋಗಿ ಸುಮ್ಮನೆ ಕೈ ತೊಳೆದಳು, ಮತ್ತೆ ಗೇಟಿಗೆ ಹೋದಳು. ಪಾಳಿ ಮುಗಿಸಿದವರನ್ನು ಹೊತ್ತ ಕಾರ್ಖಾನೆಯ ಬಸ್ಸು ದೂಳೆಬ್ಬಿಸಿ ಹೋಯಿತು. ಅದರ ಸದ್ದು ಅಡಗಿದ ಮೇಲೆ ಮುಚ್ಚಿದ ಬಾಗಿಲಿನ ಆಚೆಯ ಮೌನ ಮೊದಲಿಗಿಂತ ದೊಡ್ಡದಾಗಿ ಕೇಳಿಸಿತು. ಅವಳು ಬಾಗಿಲ ಬಳಿ ಬಂದು ಹಾಗೇ ನಿಂತುಬಿಟ್ಟಳು. ಎಷ್ಟೋ ತಿಂಗಳಿಂದ ಒಂದು ಕಡೆ ನಿಲ್ಲದ ಕಾಲುಗಳು ಅಲ್ಲಿ ನಿಂತವು.

"ಸಾಕು ಬುಡಿ, ತಟ್ಟಿ" ಎಂದಳು ಬೆಟ್ಟಮ್ಮ.

ಕೆಂಪಯ್ಯ ಕೆಮ್ಮಿ, ಬೆರಳು ಮಡಿಸಿ ಕೈ ಎತ್ತಿದ. ಅದು ಬಾಗಿಲನ್ನು ಮುಟ್ಟುವ ಮೊದಲೇ ಪವಿತ್ರ ಅವನ ಮಣಿಕಟ್ಟನ್ನು ಹಿಡಿದುಕೊಂಡಳು.

"ಈಗಲೇ ತಟ್ಬೇಡಿ ಮಾವ," ಎಂದಳು. "ಬಿಸಿ ಮುದ್ದೆ ಅವರಿಗೆ ಬೇಗ ನುಂಗಕ್ಕಾಗಲ್ಲ."